ಮನೆಯ ದಫ್ತರ ಮನೆಯಲ್ಲೇ ಇರಲಿ

ಅಡಿಕೆ ಬೆಳೆಗಾರನ ಮನೆಯಲ್ಲಿ ಹಿಂದೆ ದಫ್ತರವೆಂದರೆ ಒಂದು ತಗಡಿನ ಟ್ರಂಕು. ವಖಾರಿಯ ಪಟ್ಟಿ, ಸೊಸಾಯಟಿಯ ಪಾಸ್‌ಬುಕ್ಕು, ಪಹಣಿ, ಕಂದಾಯದ ರಸೀದಿ, ಆಳುಗಳ ಲೆಕ್ಕದ ವಹಿ ಎಲ್ಲವೂ ಅದರೊಳಗೆ. ಬೀಗದ ಕೈ ಯಜಮಾನನ ಉಡಿದಾರದಲ್ಲಿ. ಈಗ ಆ ಟ್ರಂಕು ಅಟ್ಟ ಸೇರಿದೆ. ಮಾರಾಟದ ಪಟ್ಟಿ ಬರುವುದು ಮೊಬೈಲಿಗೆ, ಪಹಣಿಯ ಪ್ರತಿ ಇರುವುದು ಮೊಬೈಲಿನಲ್ಲಿ, ಎಲೆಚುಕ್ಕಿ ತಗುಲಿದ ಮರದ ಫೋಟೋ ಮೊಬೈಲಿನಲ್ಲಿ, ಅಂಗಳದಲ್ಲಿ ಹರವಿದ ಚಾಲಿಯನ್ನು ಕಾಯುವ ಕ್ಯಾಮರಾದ ಚಿತ್ರ ಕಾಣುವುದೂ ಅದೇ ಮೊಬೈಲಿನಲ್ಲಿ. ಆ ಮೊಬೈಲು ಒಂದು ದಿನ ಬಸಿಗಾಲುವೆಗೆ ಬಿದ್ದರೆ ಹತ್ತು ವರ್ಷದ ದಫ್ತರ ನೀರುಪಾಲು.

ಮೊಬೈಲಿನದ್ದೆಲ್ಲ ತಾನಾಗಿಯೇ ಮೇಲೆ ಹೋಗಿ ಕೂರುತ್ತದೆ, ಕಳೆಯುವುದಿಲ್ಲ ಎನ್ನುವವರುಂಟು. ಮೇಲೆ ಎಂದರೆ ಎಲ್ಲಿ? ದೂರದ ಕಂಪನಿಯೊಂದರ ವಖಾರಿಯಲ್ಲಿ. ಮೊದಮೊದಲು ಅಲ್ಲಿ ಬಾಡಿಗೆ ಇರಲಿಲ್ಲ. ಗೂಗಲ್ ಕಂಪನಿಯು ಫೋಟೋಗಳನ್ನು ಮಿತಿಯಿಲ್ಲದೆ ಪುಕ್ಕಟೆ ಇಟ್ಟುಕೊಳ್ಳುತ್ತಿದ್ದುದನ್ನು 2021ರ ಜೂನ್ 1ರಿಂದ ನಿಲ್ಲಿಸಿ, ಎಲ್ಲ ಸೇರಿ 15 ಜಿಬಿ ಮೀರಿದವರಿಗೆ ಬಾಡಿಗೆ ಹಚ್ಚಿತು. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ. ವಖಾರಿ ಇಟ್ಟವನು ಬಾಡಿಗೆ ಕೇಳುತ್ತಾನೆ. ಆದರೆ ನಮ್ಮ ಮನೆಯ ಮೆತ್ತಿನ ಮೇಲೆ ಜಾಗವಿರುವಾಗ ಇಡೀ ವರ್ಷದ ಅಡಿಕೆಯನ್ನು ಪರರ ವಖಾರಿಯಲ್ಲಿ ಇಡುವ ರೂಢಿ ನಮ್ಮಲ್ಲಿ ಇಲ್ಲವಲ್ಲ.

ಇನ್ನೊಂದು ಮಾತನ್ನು ಸಹಕಾರಿಗಳಾದ ನಾವು ಮರೆಯಬಾರದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಸಂಘದ ಕೀರ್ದಿ ಕಂಪ್ಯೂಟರಿನಲ್ಲಿ, ಬ್ಯಾಂಕಿನದು ಕಂಪ್ಯೂಟರಿನಲ್ಲಿ, ಪಹಣಿಯಂತೂ ಭೂಮಿ ಯೋಜನೆ ಬಂದ ಮೇಲೆ ಕಂಪ್ಯೂಟರಿನಲ್ಲೇ. ನಾಳೆ ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ವ್ಯತ್ಯಾಸ ಬಂದಾಗ ನಮ್ಮ ಕೈಯಲ್ಲಿ ತೋರಿಸಲು ಏನಿರುತ್ತದೆ? ಎಲ್ಲರ ಹತ್ತಿರ ದಾಖಲೆ ಇದ್ದು ಬೆಳೆಗಾರನ ಹತ್ತಿರ ಮಾತ್ರ ಇಲ್ಲವಾದರೆ ಅವನ ಮಾತಿಗೆ ತೂಕ ಎಷ್ಟು? ಸಣ್ಣ ಹಿಡುವಳಿದಾರನಿಗೆ ಇದು ಶೋಕಿಯ ವಿಷಯವಲ್ಲವೆಂದು ನಾವು ಹೇಳುವುದು ಈ ಕಾರಣಕ್ಕೆ.

ಆದ್ದರಿಂದ ಮನೆಯಲ್ಲೊಂದು ಸಣ್ಣ ಸರ್ವರ್ ಇರಲಿ ಎಂಬುದು ನಮ್ಮ ಅಭಿಪ್ರಾಯ. ಸರ್ವರ್ ಎಂದೊಡನೆ ದೊಡ್ಡ ಯಂತ್ರವನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ದಿನದ ಇಪ್ಪತ್ತನಾಲ್ಕು ತಾಸೂ ಚಾಲೂ ಇರುವ ಒಂದು ಕಂಪ್ಯೂಟರು, ಅಷ್ಟೇ. ಅದಕ್ಕೆ ಪರದೆಯೂ ಬೇಡ, ಕೀಲಿಮಣೆಯೂ ಬೇಡ. ಮನೆಯವರ ಮೊಬೈಲುಗಳಿಂದ ಫೋಟೋ, ಪಟ್ಟಿ, ರಸೀದಿ ಎಲ್ಲ ತಾವಾಗಿ ಅದರೊಳಗೆ ಬಂದು ಸೇರುತ್ತವೆ, ಕ್ಯಾಮರಾದ ಚಿತ್ರ ಅಲ್ಲೇ ದಾಸ್ತಾನಾಗುತ್ತದೆ, ಬೇಕಾದಾಗ ಮನೆಯ ಯಾವ ಮೊಬೈಲಿನಿಂದಲೂ ತೆಗೆದು ನೋಡಬಹುದು. ಈ ಕೆಲಸಕ್ಕೆ ಹೊಸ ಯಂತ್ರ ಕೊಳ್ಳುವುದು ಶುದ್ಧ ದುಂದು. ದೊಡ್ಡ ಕಚೇರಿಗಳು ಬಳಸಿ ಬಿಟ್ಟ ಪುಟ್ಟ ಕಂಪ್ಯೂಟರನ್ನು ಕೊಂಡು, ಅದರಲ್ಲಿ ಲಿನಕ್ಸ್ ಹಾಕಿಕೊಳ್ಳುವುದೇ ಸಣ್ಣ ಬೆಳೆಗಾರನಿಗೆ ತಕ್ಕ ದಾರಿ.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದು. ಮುಂದೆ ಸಾವಿರಾರು ಜನ ಕೈಹಚ್ಚಿ ಬೆಳೆಸಿದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ತಿದ್ದಿ ಇನ್ನೊಬ್ಬರಿಗೆ ಹಂಚುವವನು ತನ್ನ ತಿದ್ದುಪಡಿಯನ್ನೂ ಅದೇ ಷರತ್ತಿನ ಮೇಲೆ ಹಂಚಬೇಕು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಹಾದಿಯಲ್ಲಿ ಬಂದ ನಮಗೆ ಈ ಕ್ರಮವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಲಿನಕ್ಸಿನಲ್ಲಿ ಹಲವು ಪಂಗಡಗಳುಂಟು. ಅವುಗಳಲ್ಲಿ 1993ರಿಂದ ಸ್ವಯಂಸೇವಕರು ನಡೆಸಿಕೊಂಡು ಬಂದಿರುವ ಡೆಬಿಯನ್ ಎಂಬುದು ಸರ್ವರ್ ಕೆಲಸಕ್ಕೆ ಗಟ್ಟಿ. ಅದಕ್ಕೆ ಗಡಿಬಿಡಿ ಇಲ್ಲ. ಹಾಕಿ ಕೂರಿಸಿದರೆ ತನ್ನಷ್ಟಕ್ಕೆ ತಾನು ಓಡುತ್ತಿರುತ್ತದೆ.

ಹಳೆಯ ಯಂತ್ರ ಈಗಲೇ ಏಕೆ ಸಿಗುತ್ತದೆಂದರೆ ಅದಕ್ಕೊಂದು ಕಾರಣವುಂಟು. ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಮುಗಿಸಿತು. ಮುಂದಿನ ವಿಂಡೋಸ್ 11ಕ್ಕೆ ಇಂಟೆಲ್ಲಿನ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕೆಂಬುದು ಸ್ಥೂಲವಾಗಿ ಅವರ ನಿಯಮ. ಆರು ಮತ್ತು ಏಳನೆಯ ತಲೆಮಾರಿನ, ಅಂದರೆ 2015ರಿಂದ 2017ರ ಸುಮಾರಿಗೆ ಬಂದ ಯಂತ್ರಗಳು ಕಬ್ಬಿಣದಂತೆ ಗಟ್ಟಿ ಇದ್ದರೂ ಕಚೇರಿಗಳಿಗೆ ಬೇಡವಾದವು. ಲಿನಕ್ಸಿಗೆ ಮಾತ್ರ ಅವು ಹೊಸ ಎತ್ತಿನ ಹಾಗೆ. ಬೆಂಗಳೂರಿನ ಕಚೇರಿಗೆ ಬೇಡವಾದದ್ದು ನಮ್ಮ ಜಗಲಿಯ ಮೂಲೆಯಲ್ಲಿ ಇನ್ನೂ ಏಳೆಂಟು ವರ್ಷ ದುಡಿಯುವುದಕ್ಕೆ ಅಡ್ಡಿಯಿಲ್ಲ.

ಕೊಳ್ಳುವಾಗ ಯಾವುದನ್ನು ಕೇಳಬೇಕು? ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊದ ಥಿಂಕ್‌ಸೆಂಟರ್ ಟೈನಿ, ಎಚ್‌ಪಿಯ ಎಲೈಟ್‌ಡೆಸ್ಕ್ ಮಿನಿ, ಈ ಮೂರು ಸಾಲಿನ ಯಂತ್ರಗಳು ಹಳೆಯದರ ಪೇಟೆಯಲ್ಲಿ ಹೇರಳ. ಗಾತ್ರ ಒಂದು ದಪ್ಪ ಪುಸ್ತಕದಷ್ಟು. ಮೂರರಲ್ಲಿ ಯಾವುದಾದರೂ ನಡೆದೀತು. ಹೆಸರಿಗಿಂತ ಸ್ಥಿತಿ ಮುಖ್ಯ. ಅಡಿಕೆಯನ್ನು ಮೂಟೆಯ ಹೊರಗಿನಿಂದ ನೋಡಿ ದರ ಕಟ್ಟುವವರು ಯಾರು? ಇದನ್ನೂ ಮುಚ್ಚಳ ತೆಗೆಸಿ ನೋಡಿಯೇ ಕೊಳ್ಳಬೇಕು. ಒಳಗೆ ಕನಿಷ್ಠ 8 ಜಿಬಿ ಮೆಮೊರಿ ಇರಲಿ. 2025ರ ಕೊನೆಯಿಂದ ಜಗತ್ತಿನಲ್ಲೆಲ್ಲ ಮೆಮೊರಿಯ ಬೆಲೆ ಏರಿಹೋಗಿದ್ದರಿಂದ, ಮೆಮೊರಿ ಇಲ್ಲದ ಯಂತ್ರ ಸೋವಿಯಾಗಿ ಸಿಕ್ಕಿತೆಂದು ತಂದು ಆಮೇಲೆ ಮೆಮೊರಿ ಹುಡುಕುವುದರಲ್ಲಿ ಲಾಭವಿಲ್ಲ. ಸಣ್ಣ ಎಸ್‌ಎಸ್‌ಡಿ ಕೂರಿಸುವ ಜಾಗ ಒಂದು, ಎರಡೂವರೆ ಇಂಚಿನ ಡಿಸ್ಕಿನ ಜಾಗ ಇನ್ನೊಂದು, ಎರಡೂ ಇದ್ದರೆ ಉತ್ತಮ. ಕೆಲವು ಮಾದರಿಗಳಲ್ಲಿ ಒಂದೇ ಇರುತ್ತದೆ.

ಡೆಲ್ ಯಂತ್ರವಾದರೆ ಅದರ ಮೂಲ ಅಡಾಪ್ಟರನ್ನೇ ಪಟ್ಟು ಹಿಡಿದು ಕೇಳಿರಿ. ಆ ಯಂತ್ರ ತನ್ನ ಅಡಾಪ್ಟರಿನ ಗುರುತು ಹಿಡಿಯುತ್ತದೆ. ಗುರುತು ಸಿಗದಿದ್ದರೆ ತಕರಾರು ತೋರಿಸಿ ನಿಧಾನವಾಗಿ ಓಡತೊಡಗುತ್ತದೆ. ಅಂಗಡಿಯವನು ಕೈಗೆ ಸಿಕ್ಕ ಅಡಾಪ್ಟರ್ ಜೋಡಿಸಿ ಕೊಟ್ಟರೆ, ಯಂತ್ರವೇ ಮಂದವೆಂದು ನಾವು ತಿಳಿಯುತ್ತೇವೆ. ಇನ್ನೊಂದು, ಬಯೋಸ್ ಎಂಬ ಒಳಗಿನ ವ್ಯವಸ್ಥೆಗೆ ಹಳೆಯ ಕಚೇರಿಯವರು ಹಾಕಿದ ಗುಪ್ತಪದ ಹಾಗೇ ಉಳಿದಿದೆಯೋ ಎಂದು ಅಂಗಡಿಯಲ್ಲೇ ತೆರೆದು ನೋಡಬೇಕು. ಉಳಿದಿದ್ದರೆ ಆ ಯಂತ್ರ ಬೇಡ. ಬೀಗದ ಕೈ ಇಲ್ಲದ ಕಪಾಟು ಕೊಂಡಂತಾದೀತು. ಗಡಿಯಾರದ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಮಾತ್ರ ಚಿಂತೆಯಿಲ್ಲ, ಅದು ಕುಮಟೆ ಪೇಟೆಯಲ್ಲೇ ಸಿಗುತ್ತದೆ.

ಲಿನಕ್ಸಿಗೆ ಯಂತ್ರ ಒಗ್ಗುತ್ತದೆಯೋ ಇಲ್ಲವೋ ಎಂದು ತಿಳಿಯಲು ಯಾರ ಮಾತನ್ನೂ ನಂಬಬೇಕಾಗಿಲ್ಲ. ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸನ್ನು ತುಂಬಿಕೊಂಡು ಹೋಗಿ, ಅಂಗಡಿಯ ಯಂತ್ರಕ್ಕೆ ಸಿಕ್ಕಿಸಿ, ಅದರಿಂದಲೇ ಚಾಲೂ ಮಾಡಿ ನೋಡಬಹುದು. ಒಳಗಿನ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ತಂತಿಯ ಜಾಲ ಹಿಡಿಯುತ್ತದೆಯೇ, ಪರದೆ ಸರಿ ಬರುತ್ತದೆಯೇ, ಫ್ಯಾನು ಕಿರುಗುಟ್ಟುತ್ತದೆಯೇ, ಡಿಸ್ಕು ಎಷ್ಟು ತಾಸು ಓಡಿದೆ, ಅದರಲ್ಲಿ ಕೆಟ್ಟ ಜಾಗಗಳೆಷ್ಟು ಎಲ್ಲವನ್ನೂ ಅಲ್ಲೇ ನೋಡಬಹುದು. ಡಿಸ್ಕಿನ ಜಾತಕ ಹೇಳುವ ಸ್ಮಾರ್ಟ್‌ಸಿಟಿಎಲ್ ಎಂಬ ಸಲಕರಣೆಯನ್ನೂ ಅದೇ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋಗಿರಿ. ಅರ್ಧ ತಾಸು ಕೊಡಲೊಪ್ಪದ ಅಂಗಡಿಯವನಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗುವುದು. ಹೀಗೆ ನೋಡಿ ತರುವ ಯಂತ್ರಕ್ಕೆ ಹತ್ತು ಹನ್ನೆರಡು ಸಾವಿರ ರೂಪಾಯಿಗಿಂತ ಹೆಚ್ಚು ಹಾಕುವುದು ನಮ್ಮ ಮಟ್ಟಿಗೆ ಸರಿ ಕಾಣುವುದಿಲ್ಲ.

ಹಿಂದೆ ಲಿನಕ್ಸ್ ಹಾಕುವಾಗ ನಿಸ್ತಂತು ಜಾಲ, ಅಂದರೆ ವೈಫೈ, ಬಹಳ ಕಾಟ ಕೊಡುತ್ತಿತ್ತು. ಬೇಕಾದ ಫರ್ಮ್‌ವೇರನ್ನು ಬೇರೆ ಹುಡುಕಿ ತರಬೇಕಿತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದನ್ನು ಜೊತೆಯಲ್ಲೇ ಕೊಡುತ್ತಿದ್ದಾರೆ. ಆದರೂ ಸರ್ವರಿಗೆ ತಂತಿಯೇ ಲೇಸು. ಫೈಬರಿನ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು ಒಂದು ಮೊಳ ತಂತಿ ಎಳೆದರೆ ಆಯಿತು. ಯುಎಸ್‌ಬಿಗೆ ಸಿಕ್ಕಿಸುವ ಅಗ್ಗದ ವೈಫೈ ಗುಂಡಿಗಳನ್ನು ನಂಬಿ ಕೂರಬೇಡಿ. ಅದೇ ರೀತಿ, ತೀರ ಹಳೆಯ 32 ಬಿಟ್ ಯಂತ್ರ ಅಟ್ಟದಲ್ಲಿದೆ ಎಂದು ಇಳಿಸುವವರು ಒಂದು ವಿಷಯ ತಿಳಿದಿರಲಿ: 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಅನುಸ್ಥಾಪನೆಯ ಪ್ರತಿಯನ್ನೇ ಹೊರಡಿಸಿಲ್ಲ.

ಅಟ್ಟದಲ್ಲಿ ಹಳೆಯ ಲ್ಯಾಪ್‌ಟಾಪು ಇದ್ದರೆ ಅದು ಬೇರೆ ಮಾತು. ಮಗನೋ ಮಗಳೋ ಕಾಲೇಜು ಮುಗಿಸಿ ಬಿಟ್ಟುಹೋದ, ಪರದೆ ಒಡೆದ, ಕೀಲಿ ಕಿತ್ತ ಲ್ಯಾಪ್‌ಟಾಪು ಅನೇಕ ಮನೆಗಳಲ್ಲುಂಟು. ಸರ್ವರಿಗೆ ಪರದೆ ಬೇಡವೆಂದೆವಲ್ಲ. ಬ್ಯಾಟರಿ ಅದರ ಹೊಟ್ಟೆಯಲ್ಲೇ ಇರುವುದರಿಂದ ಕರೆಂಟು ಹೋದರೂ ನಿಲ್ಲದು. ಖರ್ಚು ಸೊನ್ನೆ. ಆದರೆ ಹಗಲು ರಾತ್ರಿ ಚಾರ್ಜಿನಲ್ಲೇ ಇದ್ದರೆ ಹಳೆಯ ಬ್ಯಾಟರಿ ಉಬ್ಬುತ್ತದೆ. ಚಾರ್ಜನ್ನು ಅರ್ಧ ಮುಕ್ಕಾಲಿಗೆ ನಿಲ್ಲಿಸುವ ಅನುಕೂಲ ಥಿಂಕ್‌ಪ್ಯಾಡಿನಂಥ ಕೆಲವು ಮಾದರಿಗಳಲ್ಲಿ ಲಿನಕ್ಸಿನಿಂದಲೇ ಸಿಗುತ್ತದೆ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಕೂಡಲೇ ತೆಗೆಸಿರಿ. ಹೊಗೆ ಅಟ್ಟವಿರುವ ಮನೆಯಲ್ಲಿ ಬೆಂಕಿಯ ಭಯ ಹೇಳಿಕೊಡಬೇಕಾಗಿಲ್ಲ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರದ ಬಗ್ಗೆ ಬೆಂಗಳೂರಿನ ಹುಡುಗರಿಗೆ ಬಹಳ ಪ್ರೀತಿ. 2012ರಲ್ಲಿ 35 ಡಾಲರಿಗೆ ಬಂದಾಗ ಅದು ನಿಜಕ್ಕೂ ಬಡವರ ಕಂಪ್ಯೂಟರೇ ಆಗಿತ್ತು. ಈಗಿನ ಮಾದರಿಗೆ ಅಡಾಪ್ಟರು, ಡಬ್ಬ, ಫ್ಯಾನು, ಡಿಸ್ಕು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಹಳೆಯ ಕಚೇರಿ ಯಂತ್ರದ ಹತ್ತಿರ ಹತ್ತಿರ ಬರುತ್ತದೆ. ಅದನ್ನು ಮೆಮೊರಿ ಕಾರ್ಡಿನ ಮೇಲೆ ಓಡಿಸುವುದೇ ಹೆಚ್ಚು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ನಮ್ಮಲ್ಲಿ ಕಾರ್ಡು ಬಾಳುವುದು ಕಷ್ಟ. ತೋಟದ ಪಂಪಿನ ಮನೆಯಲ್ಲಿ ತೇವಾಂಶ ಅಳೆಯುವ ಸಣ್ಣ ಕೆಲಸಕ್ಕೆ ಪೈ ಸರಿ. ದಫ್ತರ ಇಡಲು ಅದು ಬೇಡ.

ಇನ್ನು ಕರೆಂಟಿನ ಲೆಕ್ಕ. ಯಂತ್ರ ಕೊಳ್ಳುವಾಗ ಒಮ್ಮೆ ಕೊಟ್ಟ ಹಣಕ್ಕಿಂತ ತಿಂಗಳು ತಿಂಗಳೂ ತಿನ್ನುವ ಕರೆಂಟೇ ಮುಖ್ಯವೆಂದು ನಾವು ಒತ್ತಿ ಹೇಳುತ್ತೇವೆ. ಹಳೆಯ ಎತ್ತರದ ಪೆಟ್ಟಿಗೆಯ ಕಂಪ್ಯೂಟರು ಸುಮ್ಮನೆ ಕುಳಿತಾಗಲೂ 60 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43 ಯೂನಿಟ್ ಆಯಿತು. ಮೇಲೆ ಹೇಳಿದ ಪುಟ್ಟ ಯಂತ್ರಗಳು 10ರಿಂದ 15 ವ್ಯಾಟಿನಲ್ಲಿ ಕೆಲಸ ಮುಗಿಸುತ್ತವೆ. ತಿಂಗಳಿಗೆ 7ರಿಂದ 11 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ನಿಯಮದಲ್ಲಿ ಮನೆಯ ಹಿಂದಿನ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಉಚಿತದ ಮಿತಿ ಕಟ್ಟಿದ್ದಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಮೈಮೇಲೆ. ಸರಾಸರಿ 170 ಯೂನಿಟ್ ಇದ್ದ ಮನೆಯ ಮಿತಿ 187. ಆ ಮನೆಯವರು ಪುಟ್ಟ ಯಂತ್ರ ಇಟ್ಟರೆ 181ರೊಳಗೆ ಉಳಿದಾರು. ನೆಂಟರು ಪುಕ್ಕಟೆ ಕೊಟ್ಟರೆಂದು ದೊಡ್ಡ ಪೆಟ್ಟಿಗೆ ತಂದಿಟ್ಟರೆ 213ಕ್ಕೆ ಹೋಗಿ ಇಡೀ ಮನೆಯ ದೀಪದ ಹಣ ಹೆಸ್ಕಾಮಿಗೆ ತೆತ್ತಾರು. ಪುಕ್ಕಟೆ ಸಿಕ್ಕ ಮುದಿ ಆನೆಗೆ ಮೇವು ಯಾರು ಹಾಕುವವರು?

ಹಳೆಯ ಯಂತ್ರ ಎಲ್ಲಿಯದಾದರೂ ಇರಲಿ, ಬಾಳಬೇಕಾದದ್ದು ನಮ್ಮ ಹವೆಯಲ್ಲಿ. ಪೇಟೆಯವರು ಬರೆದ ಸಲಹೆಗಳಲ್ಲಿ ಈ ವಿಷಯ ಇರುವುದೇ ಇಲ್ಲ. ಬಾಡದಿಂದ ಹೊನ್ನಾವರ, ಭಟ್ಕಳದವರೆಗೆ ಸಮುದ್ರದ ಉಪ್ಪುಗಾಳಿ. ಜೂನಿನಿಂದ ಸಪ್ಟೆಂಬರಿನ ತನಕ ಗೋಡೆಯೂ ಬೆವರುತ್ತದೆ. ಯಂತ್ರ ಕೆಡುವುದು ಹೆಚ್ಚಾಗಿ ಮಳೆಗಾಲದಲ್ಲಿ ಆರಿಸಿ ಇಟ್ಟಾಗ, ಓಡುತ್ತಿರುವಾಗ ಅಷ್ಟಿಲ್ಲ. ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಆರಿಸಿಟ್ಟದ್ದು ತಂಪಾಗಿ ತೇವ ಹಿಡಿಯುತ್ತದೆ, ತೇವದ ಜೊತೆಗೆ ಉಪ್ಪು ಕೂತು ಹಲ್ಲಿನಂಥ ಹಿತ್ತಾಳೆ ತುದಿಗಳು ಹಸುರುಗಟ್ಟುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಸರ್ವರನ್ನು ವಾರಗಟ್ಟಲೆ ಬಂದು ಮಾಡಿ ಇಡಬೇಡಿ. ನೆಲದ ಮೇಲಿಡದೆ ಎದೆಯೆತ್ತರದ ಹಲಗೆಯ ಮೇಲಿಡಿ. ಪಡುವಣ ಕಿಟಕಿಯ ಹತ್ತಿರ ಬೇಡ. ಧೂಳು ಹೋಗದಿರಲೆಂದು ಪ್ಲಾಸ್ಟಿಕ್ಕು ಸುತ್ತುವ ಚಾಳಿ ಬಿಡಿ, ಉಸಿರು ಕಟ್ಟುತ್ತದೆ. ಬೋರ್ಡೊಕ್ಕೆಂದು ತಂದ ಮೈಲುತುತ್ತದ ಚೀಲ ಇರುವ ಕೋಣೆಯಲ್ಲಂತೂ ಇಡಲೇಬಾರದು. ಘಟ್ಟದ ಮೇಲಿನ ಕಾಫಿ ಬೆಳೆಗಾರ ಸದಸ್ಯರಿಗೆ ಉಪ್ಪಿನ ಕಾಟವಿಲ್ಲ, ಆದರೆ ಮಂಜು ಮತ್ತು ಜಿಟಿಮಳೆ ನಮಗಿಂತ ಹೆಚ್ಚು. ಉಳಿದದ್ದೆಲ್ಲ ಒಂದೇ.

ಉಪ್ಪಿಗಿಂತ ದೊಡ್ಡ ವೈರಿ ಸಿಡಿಲು. ಏಪ್ರಿಲ್ ಮೇ ತಿಂಗಳ ಗುಡುಗು, ಅಕ್ಟೋಬರಿನ ಹಿಂಗಾರು, ಈ ಎರಡು ಕಾಲದಲ್ಲಿ ಒಂದೊಂದು ಊರಿನಲ್ಲಿ ಎಷ್ಟು ಟಿವಿ, ಪಂಪಿನ ಸ್ಟಾರ್ಟರು ಸುಡುತ್ತವೆಂದು ಎಲ್ಲರಿಗೂ ಗೊತ್ತು. ಫೈಬರ್ ಎಂಬುದು ಗಾಜಿನ ಎಳೆ, ಅದರೊಳಗೆ ಸಿಡಿಲು ಬರುವುದಿಲ್ಲ. ಬರುವುದು ವಿದ್ಯುತ್ ತಂತಿಯಲ್ಲಿ. ಮತ್ತು ಅಂಗಳದ ಕಂಬದ ಮೇಲಿನ ಕ್ಯಾಮರಾದಿಂದ ಮನೆಯೊಳಗೆ ಎಳೆದ ತಾಮ್ರದ ತಂತಿಯಲ್ಲಿ. ಆ ಒಂದು ತಂತಿ ಸರ್ವರನ್ನೂ ಫೈಬರ್ ಪೆಟ್ಟಿಗೆಯನ್ನೂ ಒಟ್ಟಿಗೆ ಕೊಂದೀತು. ಅಂಗಳ ದೂರವಿದ್ದರೆ ಆ ಕ್ಯಾಮರಾಕ್ಕೆ ವೈಫೈಯೇ ಒಳಿತು, ಇಲ್ಲವೇ ನಡುವೆ ಫೈಬರಿನ ತುಂಡು ಹಾಕಿಸಬೇಕು. ಅರ್ಥಿಂಗನ್ನು ಎಲೆಕ್ಟ್ರಿಶಿಯನ್ ಹತ್ತಿರ ಅಳೆಯಿಸಿರಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಗೆಯಲ್ಲಿ ಒಣಗಿ ಕೂತಾಗ ಅರ್ಥಿಂಗ್ ಇದ್ದೂ ಇಲ್ಲದಂತೆ. ಗುಂಡಿಗೆ ವಾರಕ್ಕೊಂದೆರಡು ಕೊಡ ನೀರು ಹೊಯ್ಯಬೇಕು. ಕತ್ತಲು ಕಟ್ಟಿ ಗುಡುಗು ಹತ್ತಿರ ಬಂದರೆ ಪಿನ್ನು ಕಿತ್ತಿಡುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ.

ಇನ್ವರ್ಟರ್ ಇರುವ ಮನೆಗಳಲ್ಲಿ ಅದರ ಹಿಂಬದಿಯ ಗುಂಡಿಯನ್ನು ಯುಪಿಎಸ್ ಕಡೆಗೆ ತಿರುಗಿಸಿರಿ. ಇಲ್ಲದಿದ್ದರೆ ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವ ಆ ಚಿಟಿಕೆಯ ವೇಳೆಯಲ್ಲಿ ಕಂಪ್ಯೂಟರು ಸತ್ತು ಹುಟ್ಟುತ್ತದೆ. ಹಾಗೆಯೇ ಬಯೋಸಿನಲ್ಲಿ, ಕರೆಂಟು ಬಂದೊಡನೆ ತಾನಾಗಿ ಚಾಲೂ ಆಗು ಎಂಬ ಏರ್ಪಾಡನ್ನು ಹಾಕಿಡಬೇಕು. ಬಿರುಗಾಳಿಗೆ ಮೂರು ದಿನ ಲೈನು ಬಿದ್ದು ನಾಲ್ಕನೆಯ ದಿನ ಕರೆಂಟು ಬಂದಾಗ ಯಂತ್ರವನ್ನು ಎಬ್ಬಿಸಲು ಮನೆಯ ಹಿರಿಯರು ಗುಂಡಿ ಹುಡುಕಬೇಕಾಗಿಲ್ಲ.

ಡಿಸ್ಕು ಎಷ್ಟು ದೊಡ್ಡದು ಬೇಕೆಂಬುದು ಕ್ಯಾಮರಾದ ಮೇಲೆ ನಿಂತಿದೆ. ದಫ್ತರಕ್ಕೂ ಫೋಟೋಗೂ 256 ಜಿಬಿಯ ಎಸ್‌ಎಸ್‌ಡಿ ಬಹುಕಾಲ ಸಾಕಾದೀತು. ಕ್ಯಾಮರಾ ಮಾತ್ರ ಹೊಟ್ಟೆಬಾಕ. ಸೆಕೆಂಡಿಗೆ 2 ಮೆಗಾಬಿಟ್ ಕಳಿಸುವ ಒಂದು ಕ್ಯಾಮರಾ ದಿನಕ್ಕೆ 21.6 ಜಿಬಿ ತುಂಬಿಸುತ್ತದೆ. ಎರಡು ಕ್ಯಾಮರಾ ಇದ್ದರೆ 1 ಟಿಬಿಯ ಡಿಸ್ಕಿನಲ್ಲಿ 23 ದಿನದ ಚಿತ್ರ ನಿಂತೀತು. ಚಾಲಿ ಕಳವಾದದ್ದು ಅಟ್ಟಕ್ಕೇರಿಸಿ ತೂಗುವಾಗ ತಿಳಿಯುತ್ತದೆಯೇ ಹೊರತು ಅದೇ ರಾತ್ರಿ ಅಲ್ಲ. ಆದ್ದರಿಂದ ಮೂರು ವಾರದ ಚಿತ್ರವಾದರೂ ಉಳಿದಿರಬೇಕು. ಕ್ಯಾಮರಾ ಕೊಳ್ಳುವಾಗ ಆರ್‌ಟಿಎಸ್‌ಪಿ ಅಥವಾ ಆನ್‌ವಿಫ್ ಇದೆಯೇ ಎಂದು ಕೇಳಿ ಕೊಳ್ಳಿರಿ. ಅದಿಲ್ಲದ್ದು ತನ್ನ ಕಂಪನಿಯ ಆ್ಯಪಿನೊಡನೆ ಮಾತ್ರ ಮಾತಾಡುತ್ತದೆ, ನಮ್ಮ ಸರ್ವರಿಗೆ ಚಿತ್ರ ಕೊಡುವುದಿಲ್ಲ. ಡಿಸ್ಕನ್ನು ಮಾತ್ರ ಹೊಸದೇ ಕೊಳ್ಳುವುದು ಮೇಲು; ಯಂತ್ರ ಹಳೆಯದಿರಬಹುದು, ದಫ್ತರ ಇಡುವ ಜಾಗ ಹಳೆಯದಿರಬಾರದು.

ಮನೆಯ ಒಂದೇ ಡಿಸ್ಕನ್ನು ನಂಬಿ ಕೂತರೆ ಮೊಬೈಲು ಬಸಿಗಾಲುವೆಗೆ ಬಿದ್ದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಎರಡನೆಯ ಪ್ರತಿ ಇನ್ನೊಂದು ಛಾವಣಿಯ ಕೆಳಗೆ ಇರಬೇಕು. ಅಣ್ಣನ ಮನೆಯ ಸರ್ವರಿನಲ್ಲಿ ತಮ್ಮನದು, ತಮ್ಮನ ಮನೆಯಲ್ಲಿ ಅಣ್ಣನದು, ಬೀಗ ಹಾಕಿದ ಗಂಟಿನಂತೆ ಗೂಢಲಿಪಿಯಲ್ಲಿ ಇಟ್ಟುಕೊಳ್ಳಬಹುದು. ಹಿಸೆಯಾದ ಮನೆಗಳಲ್ಲಿ ಇದಕ್ಕೆ ಒಪ್ಪುವರೇ ಎಂಬುದು ಬೇರೆ ಪ್ರಶ್ನೆ. ಒಪ್ಪದಿದ್ದರೆ ಬ್ಯಾಂಕಿನ ಲಾಕರಿನಲ್ಲಿ ವರ್ಷಕ್ಕೆರಡು ಸಲ ಬದಲಿಸುವ ಒಂದು ಡಿಸ್ಕು.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಪ್ರಶ್ನೆ ಸಹಜ. ನಮ್ಮ ಮೂರೂ ತಾಲೂಕುಗಳಲ್ಲಿ ಮನೆ ಕಾಯುವವರು ಮುದುಕರು, ಕಂಪ್ಯೂಟರು ಬಲ್ಲವರು ಬೆಂಗಳೂರಿನಲ್ಲಿ. ಆದರೆ ಲಿನಕ್ಸ್ ಸರ್ವರಿನ ಗುಣವೇ ಅದು: ಎಲ್ಲಿ ಕೂತು ಬೇಕಾದರೂ ದುರಸ್ತಿ ಮಾಡಬಹುದು. 2020ರಿಂದ ಲಿನಕ್ಸಿನ ಒಡಲಲ್ಲೇ ಸೇರಿರುವ ವೈರ್‌ಗಾರ್ಡ್ ಎಂಬ ವ್ಯವಸ್ಥೆಯಿಂದ ಬೆಂಗಳೂರಿನ ಕೋಣೆಗೂ ಬಾಡದ ಜಗಲಿಗೂ ಗುಟ್ಟಾದ ದಾರಿ ಹಾಕಿಕೊಳ್ಳಬಹುದು. ನಮ್ಮ ಫೈಬರ್ ಸಂಪರ್ಕಗಳಲ್ಲಿ ಹಲವಕ್ಕೆ ಸ್ವಂತ ಸಾರ್ವಜನಿಕ ವಿಳಾಸ ಇರುವುದಿಲ್ಲವಾದ್ದರಿಂದ ಆ ದಾರಿ ಹಾಕುವಾಗ ಸ್ವಲ್ಪ ಸುತ್ತಬೇಕಾದೀತು, ಬಲ್ಲವರಿಗೆ ಅದು ತೊಡಕಲ್ಲ. ಹಬ್ಬಕ್ಕೆ ಬಂದ ಮಗ ಎರಡು ದಿನ ಕೂತು ಹಾಕಿಕೊಟ್ಟರೆ ಉಳಿದದ್ದು ಅಲ್ಲಿಂದಲೇ ನಡೆದೀತು. ಅಂಥವರು ಯಾರೂ ಇಲ್ಲದ ಮನೆಗೆ ಈ ಯಂತ್ರ ಬೇಡವೆಂದೇ ನಾವು ಹೇಳುತ್ತೇವೆ. ಅವರು ಎರಡು ಡಿಸ್ಕಿನಲ್ಲಿ ಪ್ರತಿ ಮಾಡಿಟ್ಟುಕೊಂಡರೆ ಸಾಕು.

ಲಿನಕ್ಸ್ ಕಷ್ಟ, ನಮ್ಮವರಿಗೆ ಹಿಡಿಸದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ನೆರೆಯ ಕೇರಳದಲ್ಲಿ ಸರಕಾರಿ ಶಾಲೆಗಳ ಕಂಪ್ಯೂಟರು ಪಾಠ ನಡೆಯುವುದೇ ಲಿನಕ್ಸಿನ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ, ಅವರಿಗೆ ಪಠ್ಯಪುಸ್ತಕವೂ ಕನ್ನಡದಲ್ಲಿದೆ. 1973ರಲ್ಲಿ ಕ್ಯಾಂಪ್ಕೊ ಕಟ್ಟಿದಾಗ ಗಡಿಯ ಎರಡೂ ಬದಿಯ ಅಡಿಕೆ ಬೆಳೆಗಾರರು ಕೂಡಿ ಕೆಲಸ ಮಾಡಿದರು. ಆ ಬದಿಯ ಬೆಳೆಗಾರರ ಮಕ್ಕಳಿಗೆ ಬಂದದ್ದು ಈ ಬದಿಯ ಮಕ್ಕಳಿಗೆ ಬಾರದೇ? ಕನ್ನಡದ ಕೊರತೆಯೂ ಇಲ್ಲ. ಡೆಬಿಯನ್ನಿನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳುಂಟು, ನಮಗೆ ರೂಢಿಯಾದ ಕಗಪ ಕೀಲಿಮಣೆಯ ಕ್ರಮವೂ ಉಂಟು. ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತು ಕಂಪ್ಯೂಟರಿಗೆ ಕನ್ನಡ ತರುವ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಇದ್ದಿದ್ದರೆ ಈ ಪುಟ್ಟ ಯಂತ್ರವನ್ನು ಬಿಚ್ಚಿ ಹರವಿಕೊಂಡು ಕೂರುತ್ತಿದ್ದರೇನೋ. ಹಳೆಯ ನುಡಿ, ಬರಹಗಳಲ್ಲಿ ಟೈಪು ಮಾಡಿಟ್ಟ ಕಾಗದಪತ್ರಗಳನ್ನು ಮಾತ್ರ ಮೊದಲು ಯೂನಿಕೋಡಿಗೆ ಬದಲಿಸಿಕೊಂಡು ಸರ್ವರಿಗೆ ಹಾಕಬೇಕು. ಇಲ್ಲದಿದ್ದರೆ ಮುಂದೆ ಹುಡುಕಿದರೂ ಸಿಗಲಾರವು.

ಈಗ ನಮ್ಮ ಸಂಘ ಏನು ಮಾಡಬೇಕೆಂಬ ಬಗ್ಗೆ. ಸಂಘವೇ ಹೊಸ ಯಂತ್ರಗಳನ್ನು ತರಿಸಿ ಸದಸ್ಯರಿಗೆ ಕಂತಿನ ಮೇಲೆ ಕೊಡಲಿ ಎಂಬ ಸೂಚನೆ ಕೆಲವರಿಂದ ಬಂದಿದೆ. ನಮಗೆ ಅದು ಒಪ್ಪಿಗೆಯಿಲ್ಲ. ಗೊಬ್ಬರದ ಚೀಲದಂತೆ ಇದನ್ನು ಎಲ್ಲರಿಗೂ ಒಂದೇ ತರದಲ್ಲಿ ಹಂಚಲು ಬಾರದು. ಕಮೀಶನ್ನು ಹುಟ್ಟುವಲ್ಲಿ ಸಲಹೆ ಸಾಯುತ್ತದೆ. ಹಳೆಯ ಯಂತ್ರಗಳನ್ನೇ ಸಗಟಿನಲ್ಲಿ ತರಿಸುವುದಾದರೆ ಒಪ್ಪಬಹುದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ನೋಂದಾಯಿತ ದುರಸ್ತಿದಾರರಿಗೂ ಸ್ಥಾನವಿದೆ. ಅಂಥವರ ಹತ್ತಿರ ಇಪ್ಪತ್ತು ಮೂವತ್ತು ಯಂತ್ರವನ್ನು ಒಟ್ಟಿಗೆ ಕೇಳಿದರೆ ದರವೂ ಇಳಿದೀತು, ಆರು ತಿಂಗಳ ಖಾತರಿಯನ್ನೂ ಬರೆಸಿಕೊಳ್ಳಬಹುದು. ಬಿಡಿಯಾಗಿ ಹೋದ ಸಣ್ಣ ಬೆಳೆಗಾರನಿಗೆ ಆ ಖಾತರಿ ಯಾರು ಬರೆದುಕೊಟ್ಟಾರು? ಯಂತ್ರ ಬಂದ ಮೇಲೆ ಯಾವುದನ್ನು ಕೊಳ್ಳುವುದು, ಕೊಳ್ಳುವುದೋ ಬಿಡುವುದೋ ಎಂಬುದು ಸದಸ್ಯನ ಇಷ್ಟಕ್ಕೆ ಬಿಟ್ಟದ್ದು.

ಅದಕ್ಕೂ ಮೊದಲು ಆಡಳಿತ ಮಂಡಳಿ ಬಹಳ ಖರ್ಚಿಲ್ಲದ ಒಂದು ಕೆಲಸ ಮಾಡಬಹುದು. ಡೆಬಿಯನ್ ತುಂಬಿದ ಐದಾರು ಪೆನ್‌ಡ್ರೈವುಗಳನ್ನು ಕಚೇರಿಯಲ್ಲಿಟ್ಟು, ಯಂತ್ರ ನೋಡಲು ಹೋಗುವ ಸದಸ್ಯರಿಗೆ ಎರವಲು ಕೊಡುವುದು. ಜೊತೆಗೊಂದು ವಹಿ ಇಡುವುದು: ಯಾವ ಮಾದರಿ, ಎಷ್ಟು ಕೊಟ್ಟರು, ಎಷ್ಟು ವ್ಯಾಟ್ ಎಳೆಯುತ್ತದೆ, ಯಾವ ಕ್ಯಾಮರಾ ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ಕೊಂಡವರು ಬರೆಯಬೇಕು. ಒಂದು ಮಳೆಗಾಲ ದಾಟಿದ ಮೇಲೆ ಅದೇ ಸಾಲಿನ ಎದುರು ಯಂತ್ರ ಬದುಕಿದೆಯೋ ಇಲ್ಲವೋ ಎಂದು ಮತ್ತೆ ಬರೆಯಬೇಕು. ಈ ವರ್ಷ ಕೊಳ್ಳುವವರು ಮಳೆ ಹಿಂದೆ ಸರಿದು ಕೊನೆಕೊಯ್ಲು ಶುರುವಾಗುವ ನಡುವಿನ ಬಿಡುವಿನಲ್ಲಿ ಈ ಕೆಲಸ ಮುಗಿಸಿಕೊಳ್ಳುವುದು ಅನುಕೂಲ. ಆಮೇಲೆ ಚಾಲಿ ಅಂಗಳಕ್ಕೆ ಬೀಳುತ್ತದೆ, ಯಾರಿಗೂ ಪುರಸತ್ತು ಇರುವುದಿಲ್ಲ.